ಅತ್ತಿಗೆಯ ಖಾಲಿ ಜಾಗ

ಖಾಲಿ ಜಾಗ ಕಂಡರೆ ನಮ್ಮಣ್ಣನಿಗೆ ಕೈ ತುರಿಸುತ್ತದೆ. ಅವನದು ಗೋದಾಮಿನಲ್ಲಿ ಕೆಲಸ. ಎರಡು ಪೆಟ್ಟಿಗೆಗಳ ನಡುವೆ ಬೆರಳು ತೂರುವಷ್ಟು ಸಂದಿಯಿದ್ದರೂ ಅಲ್ಲಿ ಮೂರನೆಯದನ್ನು ತುರುಕದೆ ಅವನಿಗೆ ಸಮಾಧಾನವಿಲ್ಲ. ಮನೆಯನ್ನೂ ಹಾಗೇ ಮಾಡಿಟ್ಟಿದ್ದ. ಮಂಚದ ಕೆಳಗೆ ಕೆಟ್ಟ ಫ್ಯಾನು, ಬೀರುವಿನ ಮೇಲೆ ಕಾಲು ಮುರಿದ ಕುರ್ಚಿ. ಮೆಟ್ಟಿಲ ಕೆಳಗೆ ಏನಿದೆಯೆಂದು ಅವನಿಗೂ ಗೊತ್ತಿಲ್ಲ. ಇಂಥವನನ್ನು ಕಟ್ಟಿಕೊಂಡ ಅತ್ತಿಗೆ ಆಸೆಪಟ್ಟದ್ದಾದರೂ ಏನು? ಮುಂದಿನ ಕೋಣೆಯಲ್ಲಿ ತನ್ನದೊಂದು ಮೇಜು, ಸುತ್ತ ಕೈಯಾಡಿಸುವಷ್ಟು ಜಾಗ. ಅಷ್ಟೇ.

ಅತ್ತಿಗೆ ಮೊದಲು ಒಂದು ಸಣ್ಣ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದಳು. ಅಲ್ಲಿ ಅಕ್ಷರಗಳಿಗೂ ಬರ. ಒಂದು ಪುಟ ಜೋಡಿಸುವಷ್ಟರಲ್ಲಿ ಮೊಳೆ ಮುಗಿದುಹೋಗುತ್ತಿತ್ತು. ಆ ಪುಟವನ್ನು ಅಚ್ಚು ಹಾಕಿ, ಬಿಚ್ಚಿ, ಅವೇ ಮೊಳೆಗಳಲ್ಲಿ ಮುಂದಿನ ಪುಟ ಜೋಡಿಸಬೇಕು. ಮುದ್ರಣಾಲಯ ಬಾಗಿಲು ಹಾಕಿದಾಗ ಮಾಲೀಕರು ತಾವು ಬಳಸಿ ಹಳೆಯದಾಗಿದ್ದ ಕಂಪ್ಯೂಟರನ್ನು ಅವಳಿಗೇ ಕೊಟ್ಟುಬಿಟ್ಟರು.

ವಯಸ್ಸಾದ ಮಾವನನ್ನು ನೋಡಿಕೊಂಡ ಹಾಗೆ ಅತ್ತಿಗೆ ಅದನ್ನು ನೋಡಿಕೊಳ್ಳುತ್ತಿದ್ದಳು. ಒಂದು ಕಡತ ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ಫೋಟೋ ತೆರೆದುಕೊಳ್ಳುತ್ತಿರುವಾಗ ಮೌಸ್ ಅಲ್ಲಾಡಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡಿಸ್ಕಿನ ಅರ್ಧಭಾಗ ಸದಾ ಖಾಲಿ ಇರಬೇಕು.

ಅದರಲ್ಲೇ ವಿಸಿಟಿಂಗ್ ಕಾರ್ಡು, ಅಂಗಡಿಯ ಫಲಕ ಅಂತ ಚಿಲ್ಲರೆ ಕೆಲಸ ಸಾಗುತ್ತಿತ್ತು. ಒಮ್ಮೆ ನಾಟಕ ತಂಡದ ಮೇಷ್ಟ್ರು ಬಂದು ದೊಡ್ಡ ಪೋಸ್ಟರ್ ಬೇಕೆಂದರು. ಅಣ್ಣನಿಗೆ ಅಷ್ಟೇ ಸಾಕಾಯಿತು.

"ಇದನ್ನ ಹೇಳಿದ ಹೊತ್ತಿಗೆ ಮಾಡಿಕೊಟ್ರೆ ಕೋಣೆ ನಿಂದು. ಇಲ್ಲಾಂದ್ರೆ ಮೇಜು ಎತ್ತಿ ನನ್ನ ಪೆಟ್ಟಿಗೆ ಇಡೋದು," ಎಂದ.

"ಆಗ್ಲಿ ಕಣ್ರೀ. ಮಾತು ತಪ್ಪಬಾರದು ಅಷ್ಟೇ," ಎಂದಳು ಅತ್ತಿಗೆ.

ಪೋಸ್ಟರಿನಲ್ಲಿ ಎಂಟು ನಟರ ಮುಖಗಳು. ಒಬ್ಬನನ್ನು ಬಿಟ್ಟರೂ ಅವನು ಮುನಿಸಿಕೊಂಡು ನಾಟಕವೇ ನಿಂತುಹೋದೀತು ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಸಂಜೆ ದೊಡ್ಡ ಪ್ರಿಂಟಿನ ಅಂಗಡಿ ಮುಚ್ಚುವುದರೊಳಗೆ ಸಿ.ಡಿ. ಮುಟ್ಟಿಸಬೇಕಿತ್ತು. ಮಧ್ಯಾಹ್ನ ಮೂರನೇ ಮುಖ ಕೂರಿಸುವಾಗಲೇ ಯಂತ್ರ ಏದುಸಿರು ಬಿಡತೊಡಗಿತು. ನಾಲ್ಕನೆಯದಕ್ಕೆ ಕೈ ಹಾಕುತ್ತಲೇ ಪರದೆಯ ಮೇಲೆ ಒಂದು ಚೌಕ ಮೂಡಿತು: ವರ್ಚುಯಲ್ ಮೆಮೊರಿ ಸಾಲುತ್ತಿಲ್ಲ.

ಅತ್ತಿಗೆ ಡಿಸ್ಕ್ ನೋಡಿದಳು. ಇರುವೆ ನುಸುಳಲೂ ಜಾಗವಿರಲಿಲ್ಲ.

"ರೀ, ಇದರಲ್ಲಿ ಏನು ತುಂಬಿದ್ದೀರಿ?"

"ಹಳೇ ಹಾಡು, ಸಿನಿಮಾ, ಕುಸ್ತಿ," ಎಂದ ಅಣ್ಣ ಹೆಮ್ಮೆಯಿಂದ. "ಅರ್ಧ ಖಾಲಿ ಬಿದ್ದಿತ್ತು. ಸುಮ್ನೆ ಯಾಕೆ ದಂಡ ಅಂತ ಒಂದು ವಾರ ರಾತ್ರಿ ಕೂತು ತುಂಬಿಸ್ದೆ."

ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಅಡ್ಡ ಹಿಡಿದೆ. ಅತ್ತಿಗೆಗೆ ಮಾತ್ರ ಅಳು ಬರುವಂತಿತ್ತು.

"ಅದು ದಂಡ ಅಲ್ಲ ಕಣ್ರೀ. ಅಡುಗೆಮನೆ ಕಟ್ಟೆ ಚಿಕ್ಕದಾದ್ರೆ ನಾನೇನ್ಮಾಡ್ತೀನಿ? ಅರ್ಧ ಪಾತ್ರೆ ಪಕ್ಕದ ಕೋಣೆ ನೆಲದ ಮೇಲಿಟ್ಟು, ಬೇಕಾದಾಗ ತರ್ತೀನಿ. ಇದೂ ಹಾಗೇನೇ. ಮೆಮೊರಿ ಸಾಲದಾದಾಗ ಡಿಸ್ಕಿನ ಖಾಲಿ ಜಾಗದಲ್ಲಿ ಇಟ್ಟುಕೊಳ್ಳುತ್ತೆ. ನೀವು ಪಕ್ಕದ ಕೋಣೆಗೂ ಪೆಟ್ಟಿಗೆ ತುಂಬಿಬಿಟ್ರೆ?"

ಅಣ್ಣ ಕುರ್ಚಿ ಎಳೆದುಕೊಂಡ. ತಾನೇ ಕೂತು, ಒಂದೊಂದು ಕುಸ್ತಿಗೂ ನಿಟ್ಟುಸಿರು ಬಿಡುತ್ತಾ ಎಲ್ಲ ಅಳಿಸಿದ.

ಆಮೇಲೆ ನಾಲ್ಕು, ಐದು, ಆರು, ಏಳು ಮುಖಗಳು ಕೂತವು. ಎಂಟನೆಯದು ಮೇಷ್ಟ್ರದ್ದೇ. ಅದನ್ನು ಎಳೆದು ತರುತ್ತಲೇ ಮತ್ತೆ ಚೌಕ ಮೂಡಿತು.

"ಈಗೇನು? ಬೇಕಾದಷ್ಟು ಜಾಗ ಇದೆಯಲ್ಲ!" ಅಣ್ಣನ ದನಿಯಲ್ಲಿ ಅವಳಿಗಿಂತ ಹೆಚ್ಚು ಗಾಬರಿಯಿತ್ತು. ಕೋಣೆ ಯಾರಿಗೆ ಎಂಬ ಮಾತನ್ನೇ ಅವನು ಮರೆತಿದ್ದ.

"ಜಾಗ ಇದೆ. ಆದ್ರೆ ಈ ಹಳೇ ಯಂತ್ರದಲ್ಲಿ ಒಂದು ಪ್ರೋಗ್ರಾಮಿಗೆ ಇಷ್ಟೇ ಅಂತ ಒಂದು ಗಡಿ. ಮನೆ ಎಷ್ಟೇ ದೊಡ್ಡದಿರ್ಲಿ, ಒಬ್ಳು ಒಂದ್ಸಲಕ್ಕೆ ಹೊರೋದು ಎಷ್ಟು?"

ಹಾಗೆಂದವಳು ಮೌಸ್ ಬಿಟ್ಟು ಕೈ ಕಟ್ಟಿ ಕೂತಳು. ನಾನು ಗಡಿಯಾರ ನೋಡಿದೆ. ಅಷ್ಟರಲ್ಲಿ ಅವಳ ಮುಖ ಅರಳಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಮೊಳೆ ಮುಗಿದಾಗ ಮುದ್ರಣಾಲಯದಲ್ಲಿ ಅಳ್ತಾ ಕೂತಿದ್ನಾ?"

ಪೋಸ್ಟರನ್ನು ಅಡ್ಡಕ್ಕೆ ಎರಡು ಮಾಡಿದಳು. ಮೇಲಿನ ನಾಲ್ಕು ಮುಖಗಳನ್ನು ಮುಗಿಸಿ, ಸಿ.ಡಿ.ಗೆ ಹಾಕಿ, ಎಲ್ಲವನ್ನೂ ಮುಚ್ಚಿ ಯಂತ್ರವನ್ನು ಹೊಸದಾಗಿ ಶುರು ಮಾಡಿದಳು. ಬಳಿಕ ಕೆಳಗಿನ ನಾಲ್ಕು. ಅವಳು ಕೆಲಸ ಮಾಡುವಷ್ಟು ಹೊತ್ತೂ ಅಣ್ಣ ಬಾಗಿಲಲ್ಲಿ ಕಾವಲು ನಿಂತಿದ್ದ. ಕೆಮ್ಮಿದ್ದಕ್ಕೆ ನನ್ನನ್ನು ಗದರಿದ. ಕೊನೆಗೆ ಸಿ.ಡಿ. ಹಿಡಿದು ಅಂಗಡಿಗೆ ಓಡಿದವನೂ ಅವನೇ. ಅಲ್ಲಿ ಎರಡು ಹಾಳೆ ಅಚ್ಚಾಗಿ, ಒಂದಕ್ಕೊಂದು ಅಂಟಿಸಿದ ಗೆರೆ ನಾಟಕದ ಹೆಸರಿನ ಪಟ್ಟಿಯ ಕೆಳಗೆ ಅಡಗಿಹೋಯಿತು. ರಂಗಮಂದಿರದ ಬಾಗಿಲಲ್ಲಿ ಎಂಟೂ ಮುಖಗಳು ಜಂಬದಿಂದ ನಿಂತವು.

ಮೊನ್ನೆ ಅಣ್ಣ ದೊಡ್ಡದೊಂದು ಪೆಟ್ಟಿಗೆ ಹೊತ್ತು ಮುಂದಿನ ಕೋಣೆಗೆ ಬಂದ. ಅತ್ತಿಗೆಯ ಮೇಜಿನ ಪಕ್ಕದ ಕಪಾಟು ಪೂರ್ತಿ ಖಾಲಿಯಿತ್ತು. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಹಾಗೇ ತಿರುಗಿದ.

"ಯಾಕಣ್ಣ, ಜಾಗ ಇದೆಯಲ್ಲ?" ಎಂದೆ.

"ಇರ್ಲಿ ಬಿಡೇ. ಅವಳಿಗೆ ಬೇಕಾಗುತ್ತೆ."

ಆ ಪೆಟ್ಟಿಗೆ ಈಗ ಮಂಚದ ಮೇಲೆ, ಅವನು ಕಾಲು ಚಾಚುವ ಕಡೆ ಇದೆ. ಅಣ್ಣ ಮೊಣಕಾಲು ಮಡಚಿಕೊಂಡು ಮಲಗುತ್ತಾನೆ.