ಮೂರನೇ ಸಾಲಿನ ಮರಿಗಳು

ಲ್ಯಾಬಿನ ಮೀನುಕೋಣೆಯಲ್ಲಿ ಹದಿನೆಂಟು ವರ್ಷ ದುಡಿದ ಆಕೆಯನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ತೊಟ್ಟಿ ತೊಳೆಯಲು ಸೇರಿದವಳು, ನೋಡಿ ನೋಡಿಯೇ ಕಲಿತು, ಐದು ದಿನದ ಮರಿಗಳನ್ನು ಒಂದೊಂದಾಗಿ ತಟ್ಟೆಯ ಪುಟ್ಟ ಕುಳಿಗಳಿಗೆ ಬಿಡುವಷ್ಟು ಪಳಗಿದ್ದಳು. ಮರಿಯೆಂದರೆ ರೆಪ್ಪೆಗೂದಲಿನ ತುಂಡಿನಷ್ಟು. ಕೈ ನಡುಗಿದರೆ ಕೆಟ್ಟಿತು.

ನಡುಗುವ ಕೈ ಮನೆಯಲ್ಲಿತ್ತು, ಗಂಡನದು. ದರ್ಜಿಯಾಗಿದ್ದವನಿಗೆ ಈಗ ಹೆಜ್ಜೆ ಕಿತ್ತಿಡುವುದೇ ಕಷ್ಟ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬತ್ತಿದೆ ಎಂದಿದ್ದರು ವೈದ್ಯರು. ಲ್ಯಾಬಿನ ಮೇಡಂ ಬೆನ್ನುಹತ್ತಿದ್ದೂ ಅದನ್ನೇ. ಮೊದಲ ಔಷಧಿಯಿಂದ ಮರಿಗಳ ಡೋಪಮೈನ್ ತಗ್ಗಿಸಿದರೆ ಅವು ಈಜು ಮರೆತಂತೆ ನಿಂತುಬಿಡುತ್ತಿದ್ದವು. ಆಮೇಲೆ ಹೊಸ ಔಷಧಿ ಕೊಟ್ಟರೆ ಮತ್ತೆ ಈಜುತ್ತವೆಯೇ?

ಆ ದಿನ ಹೊಸ ಔಷಧಿ ಬಿದ್ದದ್ದು ತಟ್ಟೆಯ ಮೂರನೇ ಸಾಲಿಗೆ. ಕ್ಯಾಮೆರಾದ ಪರದೆಯಲ್ಲಿ ಹನ್ನೆರಡೂ ಮರಿಗಳು ಸರ್ರನೆ ಓಡಾಡಿದವು.

"ಮೀನಕ್ಕಾ, ನೋಡಿ! ಕಲ್ಲಿನ ಹಾಗೆ ಬಿದ್ದಿರಬೇಕಾದವು ಹೇಗೆ ಓಡ್ತಿವೆ!" ಮೇಡಂ ಆಗಲೇ ಮುಖ್ಯಸ್ಥರಿಗೆ ಫೋನ್ ಹಚ್ಚಿದ್ದರು.

ಮೀನಕ್ಕನ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ, ಮೂರನೇ ಸಾಲಿಗೆಂದು ತುಂಬಿಟ್ಟ ಮೊದಲ ಔಷಧಿಯ ಕೊಳವೆ ಮುಚ್ಚಳವನ್ನೂ ತೆರೆಯದೆ ಹಾಗೇ ಕೂತಿತ್ತು. ಬೆಳಿಗ್ಗೆ ಕೆಲಸದ ನಡುವೆ ನೆರೆಮನೆಯವಳು ಫೋನ್ ಮಾಡಿ, ಗಂಡ ಬಚ್ಚಲಲ್ಲಿ ಜಾರಿ ಬಿದ್ದ ಎಂದಿದ್ದಳು. ಆಗಿನ್ನೂ ಎರಡೇ ಸಾಲಿಗೆ ಮೊದಲ ಔಷಧಿ ಹಾಕಿದ್ದವಳು, ಮಾತಾಡಿ ಬಂದು ನಾಲ್ಕನೇ ಸಾಲಿನಿಂದ ಮುಂದುವರಿಸಿದ್ದಳು.

ಕೊಳವೆಯನ್ನು ಸಿಂಕಿಗೆ ಸುರಿದರೆ ನರಪಿಳ್ಳೆಗೂ ಗೊತ್ತಾಗದು. ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು.

"ಹೌದು ಸರ್, ಹನ್ನೆರಡಕ್ಕೆ ಹನ್ನೆರಡೂ..."

"ಫೋನ್ ಇಡಿ ಮೇಡಂ."

"ಯಾಕೆ?"

"ಮೂರನೇ ಸಾಲಿಗೆ ಮೊದಲನೇ ಔಷಧಿ ನಾನು ಹಾಕೇ ಇಲ್ಲ. ಅವು ಗಟ್ಟಿಮುಟ್ಟಾಗಿರೋ ಮರಿಗಳು. ಓಡದೆ ಇನ್ನೇನ್ಮಾಡ್ತವೆ?"

ಮೇಡಂ ಮುಖ ಸುಣ್ಣವಾಯಿತು. "ನಿಮ್ಮಿಂದ ಇದನ್ನ..." ಎಂದವರು ಮಾತು ನುಂಗಿ, ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದರು.

ಒಂದು ವಾರ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಹೊಸ ಮರಿಗಳು ಬಂದವು. ಈ ಸಲ ಮೀನಕ್ಕ ಹನಿ ಹಾಕುವಾಗ ಮೇಡಂ ಬೆನ್ನ ಹಿಂದೆಯೇ ನಿಂತರು. ಕ್ಯಾಮೆರಾ ಹಾಕಿ ಹತ್ತು ನಿಮಿಷವಾದರೂ ಮೂರನೇ ಸಾಲು ಮಿಸುಕಲಿಲ್ಲ. ಆಮೇಲೆ ಒಂದು ಮರಿ ಬಾಲ ಅಲ್ಲಾಡಿಸಿತು. ಇನ್ನೊಂದು ತುಸು ಮುಂದೆ ಸರಿದು ನಿಂತಿತು. ಅರ್ಧ ಗಂಟೆಗೆ ಐದು ಈಜಿದವು, ನಿಂತು ನಿಂತು.

"ಐದೇ," ಎಂದರು ಮೇಡಂ. "ಆದ್ರೆ ನಿಜವಾದ ಐದು." ಕುರ್ಚಿ ಎಳೆದು, "ಕೂತ್ಕೊಳ್ಳಿ ಮೀನಕ್ಕ, ಬೆಳಿಗ್ಗೆಯಿಂದ ನಿಂತಿದೀರಿ," ಎಂದರು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು.

"ನಂಗ್ಯಾವಾಗ ಕೊಡ್ತಾರಂತೆ ಆ ಔಷಧಿ?"

"ಮೀನಿಂದ ಮನುಷ್ಯನ ತನಕ ಬರೋಕೆ ವರ್ಷಗಳೇ ಬೇಕಂತೆ. ಬರದೇನೂ ಇರಬಹುದಂತೆ."

"ನೀನು ಮೇಡಂಗೆ ಹೇಳಿದ್ದು ಒಳ್ಳೇದಾಯ್ತು ಬಿಡು," ಎಂದ. "ಇಲ್ದಿದ್ರೆ ನಾನೂ ಆ ಹನ್ನೆರಡನ್ನೇ ನಂಬ್ಕೊಂಡು ಕೂತಿರ್ತಿದ್ದೆ."