ಟೀ ಕುಡಿಯಲು ಕಳಿಸುತ್ತಿದ್ದ ಕೋಚ್

ನನ್ನ ಮಗಳಿಗೆ ಓಟ ಕಲಿಸುತ್ತಿದ್ದ ಕೋಚ್ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ. ತುಮಕೂರಿನ ಮೈದಾನದ ಗೇಟಿನಲ್ಲಿ ನಾನು ಸ್ಕೂಟರ್ ನಿಲ್ಲಿಸುವುದೇ ತಡ, ಕ್ಯಾಪನ್ನು ಹಣೆಯ ಮೇಲಕ್ಕೆ ತಳ್ಳಿ, "ಭಾಯ್, ಒಂದ್ ಟೀ ಕುಡ್ಕಂಡ್ ಬನ್ನಿ" ಎನ್ನುತ್ತಿದ್ದರು. ಒಂದು ದಿನವೂ ಒಳಗೆ ಕರೆಯಲಿಲ್ಲ. ಹಾರ್ಡ್‌ವೇರ್ ವ್ಯಾಪಾರದಲ್ಲಿ ಬೆಳೆದವನು ನಾನು. ಗೋಡೌನ್ ತೋರಿಸದವನ ಹತ್ತಿರ ಮಾಲು ಕೊಳ್ಳುವುದಿಲ್ಲ.

ಜಿಲ್ಲಾ ತಂಡದ ಆಯ್ಕೆಗೆ ಒಂದು ವಾರವಿತ್ತು. ಟೀ ಅಂಗಡಿಗೆ ಹೋದಂತೆ ಮಾಡಿ, ಕಾಂಪೌಂಡ್ ಸುತ್ತಿ ಬಂದು ಇಣುಕಿದೆ. ಮಕ್ಕಳೆಲ್ಲ ಲಗೋರಿ ಆಡುತ್ತಿದ್ದರು! ನನ್ನ ಮಗಳು ಕಲ್ಲು ಜೋಡಿಸುತ್ತಾ ಕೇಕೆ ಹಾಕಿ ನಗುತ್ತಿದ್ದಳು.

ನೇರ ಒಳಗೆ ನುಗ್ಗಿದೆ. "ಏನ್ ಸಾರ್, ಇದಕ್ಕಾ ನಾನ್ ಐದ್ ಗಂಟೆಗೆ ಎದ್ದು ಕರ್ಕಂಡ್ ಬರೋದು?"

ಕೋಚ್ ನನ್ನ ಮಗಳತ್ತ ಕಣ್ಣು ಹಾಯಿಸಿದರು. ಅವಳು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು, ಯಾರೂ ಹೇಳದೆಯೇ ಟ್ರ್ಯಾಕಿಗೆ ಹೋಗಿ ಓಡತೊಡಗಿದ್ದಳು. ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ನನ್ನ ಮುಖ ನೋಡುತ್ತಿದ್ದಳು.

"ನೀವ್ ನಿಂತಿದ್ರೆ ಹಿಂಗೇ ಭಾಯ್. ಹೋದ ತಿಂಗ್ಳು ಓಟಾನೇ ಬ್ಯಾಡ ಸಾರ್ ಅಂತ ಅತ್ತಿದ್ಲು. ಈಗೀಗ ನಗ್ತಾವ್ಳೆ. ಹೋಗಿ, ಟೀ ಕುಡ್ಕಂಡ್ ಬನ್ನಿ."

ಎಲ್ಲದಕ್ಕೂ ಚೌಕಾಸಿ ಮಾಡುವ ನಾನು ಅಂದು ತೆಪ್ಪಗೆ ಗೇಟು ದಾಟಿದೆ. ಅವರ ಮೇಲಿನ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ. ಆದರೂ ಮಕ್ಕಳನ್ನು ಆಟಕ್ಕೆ ಸೇರಿಸುವವರಿಗೆ ಹೇಳುತ್ತೇನೆ: ಕೋಚ್ ಹೇಗೆಂದು ಆಮೇಲೆ ವಿಚಾರಿಸಿ, ಮೊದಲು ಹತ್ತಿರದಲ್ಲೊಂದು ಟೀ ಅಂಗಡಿ ನೋಡಿಕೊಳ್ಳಿ. ಅಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕುಳಿತುಕೊಳ್ಳಿ.