ದಾರಿ ಸಾಹೇಬರು

ನಮ್ಮ ವಿದೇಶಾಂಗ ಖಾತೆಯ ಮೂರನೇ ಮಹಡಿಯಲ್ಲಿ ಕೂರುವ ಅಧಿಕಾರಿಗೆ ನಾವು ಬೆರಳಚ್ಚುಗಾರರು ಇಟ್ಟ ಹೆಸರು ದಾರಿ ಸಾಹೇಬರು. ದೂರದ ದೊಡ್ಡ ದೇಶವೊಂದು ನಮ್ಮ ನೆರೆದೇಶಕ್ಕೆ ಸೈನ್ಯ ನುಗ್ಗಿಸಿದಾಗಿನಿಂದ, ಅದರ ಯುದ್ಧವಿಮಾನಗಳು ನಮ್ಮ ಆಕಾಶ ದಾಟಲು ಇವರೇ ಅನುಮತಿ ಬರೆಯಬೇಕು. "ನಾವು ಯುದ್ಧದಲ್ಲಿಲ್ಲಪ್ಪ, ದಾರಿ ಬಿಟ್ಟಿದ್ದೀವಿ ಅಷ್ಟೇ" ಎನ್ನುವುದು ಅವರ ಪಲ್ಲವಿ. ಆದರೆ ನಮ್ಮ ಐದು ದೇಶಗಳ ಮೈತ್ರಿಕೂಟದಲ್ಲಿ ಮೊದಲು ಹೂಂ ಎಂದವರು ಎನಿಸಿಕೊಳ್ಳಲು ಇವರಿಗೆ ಇಷ್ಟವಿಲ್ಲ, ಕೊನೆಯವರಾಗಲು ಧೈರ್ಯವಿಲ್ಲ. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಉಳಿದ ನಾಲ್ಕೂ ರಾಜಧಾನಿಗಳಿಗೆ ಫೋನು: "ನೀವು ಕೊಟ್ರಾ? ಅವರು ಕೊಟ್ರಂತಾ?" ಅಲ್ಲಿಯೂ ಇಂಥವರೇ ಕೂತಿರುವುದರಿಂದ ಮಧ್ಯಾಹ್ನದವರೆಗೆ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ಕೊನೆಗೆ ಯಾರೋ ಒಬ್ಬರು ಕೆಮ್ಮಿದರೆ ಅದನ್ನೇ ಒಪ್ಪಿಗೆ ಎಂದುಕೊಂಡು ಐವರೂ ಒಟ್ಟಿಗೆ ಮೊಹರು ಒತ್ತುತ್ತಾರೆ. ಮೊಹರಿನ ಮಸಿ ಆರುವುದರೊಳಗೆ ನೆರೆದೇಶದ ಬಗ್ಗೆ "ತೀವ್ರ ಕಳವಳ" ವ್ಯಕ್ತಪಡಿಸುವ ಹೇಳಿಕೆಯನ್ನು ನನ್ನಿಂದ ಟೈಪು ಮಾಡಿಸಿ, "ತೀವ್ರ ಅನ್ನೋದು ಜಾಸ್ತಿಯಾಯ್ತು, ಬರೀ ಕಳವಳ ಸಾಕು" ಎಂದು ತಿದ್ದುತ್ತಾರೆ. ಮೊನ್ನೆ ಹಾಗೆ ತಿದ್ದಿದ ಹಾಳೆಗೆ ಸಹಿ ಹಾಕಿಸಲು ಹೋದಾಗ ಸಾಹೇಬರು ಗೋಡೆಯ ಕಡೆ ತಿರುಗಿ, ಆ ನೆರೆದೇಶಕ್ಕೇ ಮದುವೆಯಾಗಿ ಹೋದ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. "ಅಕ್ಕಾ, ಇವತ್ತು ಸಂಜೆ ನೆಲಮಾಳಿಗೆಗೆ ಇಳಿದುಬಿಡು." ಆಕೆಯ ಗಟ್ಟಿ ದನಿ ನನಗೂ ಕೇಳಿಸಿತು: "ಪಕ್ಕದ ಮನೆಯವ್ರಿಗೂ ಹೇಳ್ಲೇನೋ? ಅವ್ರ ಮನೇಲಿ ಪುಟ್ಟ ಮಕ್ಕಳಿದಾವೆ." ಸಾಹೇಬರು ತಿರುಗಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ಆಮೇಲೆ ನನ್ನ ಮುಖ ನೋಡದೆ, "ಬೇಡ, ನೀನೊಬ್ಳೇ ಇಳಿ" ಎಂದರು.